ಫ್ಲಮೆಂಕೋ ಗಿಟಾರಿನ ವಾಯ್ಸಿಂಗ್: ಎಲ್ಲಿ ಕೆರೆಯಬೇಕು, ಎಲ್ಲಿ ನಿಲ್ಲಿಸಬೇಕು

ಗಿಟಾರ್ ಕಟ್ಟಲು ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮೇಲ್ಹಲಗೆಯನ್ನೂ ಅದರ ಒಳಗೆ ಅಂಟಿಸಿದ ಪಟ್ಟಿಗಳನ್ನೂ ಸ್ವಲ್ಪ ಸ್ವಲ್ಪವೇ ಕೆರೆದು ದನಿಯನ್ನು ಹದಕ್ಕೆ ತರುವುದೇ ವಾಯ್ಸಿಂಗ್. ಶ್ರುತಿ ತಪ್ಪಿದರೆ ಮತ್ತೆ ಸರಿ ಮಾಡಬಹುದು. ಕೆರೆದ ಮರ ಮಾತ್ರ ವಾಪಸ್ ಬರುವುದಿಲ್ಲ. ಹಾಗಾಗಿ ಉಳಿ ಹಿಡಿಯುವ ಮೊದಲು ಯಾವ ದನಿ ಬೇಕು ಅನ್ನುವುದು ಸ್ಪಷ್ಟವಾಗಿರಬೇಕು.

ಫ್ಲಮೆಂಕೋ ಸ್ಪೇನಿನ ಆಂಡಲೂಸಿಯಾದ ಕಲೆ. ಹಾಡು, ಚಪ್ಪಾಳೆ, ನೆಲಕ್ಕೆ ಬಡಿಯುವ ಹೆಜ್ಜೆ, ಇಷ್ಟರ ನಡುವೆ ಗಿಟಾರ್ ಕೇಳಿಸಬೇಕು. ಅದೂ ಮೈಕ್ ಇಲ್ಲದ ಕಾಲದಲ್ಲಿ ರೂಪುಗೊಂಡ ವಾದ್ಯ ಇದು. ಕ್ಲಾಸಿಕಲ್ ಗಿಟಾರಿನಲ್ಲಿ ಸ್ವರ ಉದ್ದಕ್ಕೆ ನಿಂತರೆ ಚೆನ್ನ. ಇಲ್ಲಿ ಸ್ವರ ಥಟ್ಟನೆ ಎದ್ದು ಬೇಗ ಇಳಿಯಬೇಕು. ರಾಸ್ಗೆಯಾದೋ ಬಾರಿಸುವಾಗ ಬೆರಳುಗಳು ಒಂದರ ಹಿಂದೊಂದು ತಂತಿಗಳ ಮೇಲೆ ಬೀಳುತ್ತವೆ. ಹಿಂದಿನ ಹೊಡೆತದ ನಾದ ಇನ್ನೂ ಉಳಿದಿದ್ದರೆ ಎಲ್ಲ ಕಲಸುಮೇಲೋಗರ. ತಂತಿಗೆ ಬೆರಳು ಕೊಡುವ ಶಕ್ತಿ ಇರುವುದೇ ಅಷ್ಟು. ಹಗುರ ಹಲಗೆ ಅದನ್ನು ಬೇಗ ಗಾಳಿಗೆ ಕೊಟ್ಟುಬಿಡುತ್ತದೆ. ಆಗ ಸದ್ದು ಜಾಸ್ತಿ, ಆಯುಸ್ಸು ಕಮ್ಮಿ.

ಬ್ಲಾಂಕಾ ಅನ್ನುವ ಹಳೆಯ ಬಗೆಯಲ್ಲಿ ಹಿಂಬದಿ ಮತ್ತು ಪಕ್ಕಗಳಿಗೆ ಹಗುರವಾದ ಸೈಪ್ರೆಸ್, ಮೇಲ್ಹಲಗೆಗೆ ಸ್ಪ್ರೂಸ್. ಆದರೂ ದನಿಯ ಮುಕ್ಕಾಲು ಮರ್ಮ ಮೇಲ್ಹಲಗೆಯಲ್ಲೇ ಇದೆ ಅಂತ ನನ್ನ ನಂಬಿಕೆ. ಅಲ್ಮೇರಿಯಾದ ಆಂಟೋನಿಯೋ ದೆ ತೊರೆಸ್ 1862ರಲ್ಲಿ ಹಿಂಬದಿ, ಪಕ್ಕಗಳನ್ನು ಕಾಗದದ ರಟ್ಟಿನಲ್ಲೇ ಮಾಡಿ ಒಂದು ಗಿಟಾರ್ ಕಟ್ಟಿದ. ಮೇಲ್ಹಲಗೆಯೇ ಮುಖ್ಯ ಅಂತ ತೋರಿಸುವುದು ಅವನ ಉದ್ದೇಶವಾಗಿತ್ತು. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಬೀಸಣಿಗೆಯಂತೆ ಹರಡಿದ ಏಳು ಪಟ್ಟಿಗಳ ಜೋಡಣೆ ನೆಲೆಯೂರಿದ್ದೂ ಅವನಿಂದಲೇ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ. ಹಲಗೆಯ ಬಿಗುವು, ಅಂದರೆ ಬಾಗದೆ ತಡೆದು ನಿಲ್ಲುವ ಗುಣ, ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಬದಲಾಗುತ್ತದೆ. 2.2 ಮಿ.ಮೀ. ಹಲಗೆಯನ್ನು 2 ಮಿ.ಮೀ.ಗೆ ಇಳಿಸಿದಿರಿ ಅನ್ನಿ. ತೂಕ ಇಳಿದದ್ದು ಶೇ. 9ರಷ್ಟು. ಬಿಗುವು ಮಾತ್ರ ಶೇ. 25ರಷ್ಟು ಹೋಯಿತು! ಪಟ್ಟಿಗಳದ್ದೂ ಇದೇ ಕಥೆ. ಅಗಲ ಅರ್ಧ ಮಾಡಿದರೆ ಬಿಗುವು ಅರ್ಧವಾಗುತ್ತದೆ. ಎತ್ತರವನ್ನು 4 ಮಿ.ಮೀ.ಯಿಂದ 3.5ಕ್ಕೆ ಇಳಿಸಿದರೆ ಸಾಕು, ಆ ಪಟ್ಟಿಯ ಬಿಗುವಿನಲ್ಲಿ ಮೂರನೇ ಒಂದು ಪಾಲು ಮಾಯ. ಅದಕ್ಕೇ ಪಟ್ಟಿಯ ನೆತ್ತಿಯ ಮೇಲೆ ಉಳಿ ಆಡಿಸುವಾಗ ಭಯ ಇರಬೇಕು, ಪಕ್ಕ ಕೆರೆಯುವಾಗ ಅಷ್ಟಿಲ್ಲ.

ಎಲ್ಲಿ ಕೆರೆಯಬೇಕು ಅಂತ ಹೇಳುವುದು ಕಿವಿ. ತಂತಿಗಳನ್ನು ಬಟ್ಟೆಯಿಂದ ಮುಚ್ಚಿ ಬ್ರಿಡ್ಜ್ (ಮೇಲ್ಹಲಗೆಯ ಮೇಲೆ ತಂತಿಗಳನ್ನು ಕಟ್ಟುವ ಮರದ ತುಂಡು) ಹತ್ತಿರ ಬೆರಳಿನಿಂದ ತಟ್ಟಿ. ಮೇಲ್ಹಲಗೆಯ ಮುಖ್ಯ ಅನುರಣನ, ಅಂದರೆ ಹಲಗೆ ತಾನಾಗಿಯೇ ಜೋರಾಗಿ ಕಂಪಿಸುವ ಶ್ರುತಿ, ಸಾಮಾನ್ಯವಾಗಿ 180ರಿಂದ 220 ಹರ್ಟ್ಸ್ ನಡುವೆ ಇರುತ್ತದೆ. ಅದು ಯಾವುದೋ ಒಂದು ಸ್ವರದ ಮೇಲೆ ಸರಿಯಾಗಿ ಕೂತರೆ ಆ ಸ್ವರ ಧಡ್ ಅಂತ ಬಂದು ಸತ್ತುಹೋಗುತ್ತದೆ, ಅಕ್ಕಪಕ್ಕದವು ಸರಿ ಇರುತ್ತವೆ. ಮೂರನೇ ತಂತಿ ಬಿಟ್ಟು ಮೀಟಿದರೆ ಬರುವ ಜಿ 196 ಹರ್ಟ್ಸ್. ಫ್ಲಮೆಂಕೋದಲ್ಲಿ ಎ ಮೈನರ್, ಜಿ, ಎಫ್, ಇ ಅಂತ ಇಳಿಯುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಸಾಲು ಪದೇ ಪದೇ ಬರುತ್ತದೆ, ಅಲ್ವಾ? ಜಿ ಕೆಟ್ಟರೆ ಪ್ರತಿ ಸಾಲೂ ಕುಂಟುತ್ತದೆ. ಆದ್ದರಿಂದ ಅನುರಣನ ಎರಡು ಸ್ವರಗಳ ನಡುವಿನ ಸಂದಿನಲ್ಲಿ ಬೀಳಲಿ.

ಕೆರೆಯುವ ಮೊದಲು ಬ್ರಿಡ್ಜ್ ಪಕ್ಕ ನಾಲ್ಕೈದು ಗ್ರಾಂ ಜೇಡಿ ಅಥವಾ ಮೇಣ ಅಂಟಿಸಿ ಬಾರಿಸಿ ನೋಡಿ. ಮೃದಂಗದ ಎಡಗಡೆಗೆ ರವೆ ಮೆತ್ತಿದಾಗ ಆಗುವುದೇ ಇಲ್ಲೂ ಆಗುತ್ತದೆ: ಭಾರ ಏರಿತು, ಶ್ರುತಿ ಇಳಿಯಿತು. ಮೇಣ ಹಾಕಿದಾಗ ಜಿ ಸುಧಾರಿಸಿದರೆ ಅನುರಣನ ಇಳಿಯಬೇಕು ಅಂತ ಅರ್ಥ. ಆಗ ಹಲಗೆಯ ಕೆಳಭಾಗದ ಅಂಚನ್ನು ಹೊರಗಿನಿಂದ ಸ್ಯಾಂಡ್‌ಪೇಪರಿನಲ್ಲಿ ತೆಳ್ಳಗೆ ಮಾಡಿ, ಇಲ್ಲವೇ ಸೌಂಡ್ ಹೋಲ್‌ನಿಂದ ಕೈ ಹಾಕಿ ಪಟ್ಟಿಗಳ ತುದಿ ಕೆರೆಯಿರಿ. ಮೇಣ ಹಾಕಿ ಇನ್ನೂ ಕೆಟ್ಟರೆ ಹಲಗೆ ಮುಟ್ಟಬೇಡಿ, ಬ್ರಿಡ್ಜ್ ಹಗುರ ಮಾಡಿ. ಒಂದು ಸಲ ನಾಲ್ಕಾರು ಎಳೆತ, ಆಮೇಲೆ ಮತ್ತೆ ಶ್ರುತಿ, ಮತ್ತೆ ಕೇಳುವುದು.

ಮಂದ್ರದ ತಂತಿಗಳು ಸಡಿಲವಾಗಿ, ಸೊಂಪು ಕಳೆದುಕೊಂಡು ಕೇಳಿಸಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಆರೂ ತಂತಿ ಸೇರಿ ಸುಮಾರು 40 ಕಿಲೋ ಎಳೆತ ಇರುತ್ತದೆ. ಅತಿ ತೆಳುವಾದ ಹಲಗೆ ಬ್ರಿಡ್ಜ್ ಮುಂದೆ ಕುಸಿಯುತ್ತದೆ. ಫ್ಲಮೆಂಕೋದಲ್ಲಿ ಹಲಗೆ ಇಷ್ಟು ಹಗುರವಾಗಿದ್ದೂ ತಾಳುವುದಕ್ಕೆ ಒಂದು ಕಾರಣ ಬ್ರಿಡ್ಜ್ ಬಳಿ ತಂತಿಯ ಎತ್ತರ. ಇಲ್ಲಿ 7-8 ಮಿ.ಮೀ., ಕ್ಲಾಸಿಕಲ್‌ನಲ್ಲಿ 10ರ ಆಸುಪಾಸು. ತಂತಿ ತಗ್ಗಿದಷ್ಟೂ ಹಲಗೆಯನ್ನು ತಿರುಚುವ ಬಲ ಕಮ್ಮಿ.

ತಂತಿ ಫ್ರೆಟ್‌ಗೆ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಗುಲಿ ಬರುವ ಸಣ್ಣ ಜುಂಯ್ ಸದ್ದನ್ನು ವಾಯ್ಸಿಂಗ್ ದೋಷ ಅಂತ ತಿಳಿಯಬೇಡಿ. ಆ ಶೈಲಿಗೆ ಅದು ಒಪ್ಪುತ್ತದೆ.

ಇದನ್ನೆಲ್ಲ ಪಾಲಿಶ್‌ಗೂ ಗೊಲ್ಪೆಯಾದೋರ್ ಅಂಟಿಸುವುದಕ್ಕೂ ಮೊದಲೇ ಮುಗಿಸಿ. ಬೆರಳಿನ ಏಟು ತಡೆಯುವ ಆ ತೆಳು ಹಾಳೆಯೂ ಹಲಗೆಗೆ ಭಾರವೇ. ಕೊನೆಯ ಸಲ ಕೇಳುವಾಗ ಅದನ್ನು ಎರಡು ಬದಿ ಅಂಟುವ ಟೇಪಿನಲ್ಲಿ ತಾತ್ಕಾಲಿಕವಾಗಿ ಕೂರಿಸಿ ಬಾರಿಸಿದರೆ, ಅಂಟಿಸಿದ ಮೇಲೆ ಬರುವ ದನಿಯ ಅಂದಾಜು ಈಗಲೇ ಸಿಗುತ್ತದೆ.