ಒಂದೇ ಬೆಲೆಯ ಎರಡು ಪೆಟ್ಟಿಗೆಗಳು

2020ರ ನವೆಂಬರ್‌ನಲ್ಲಿ ಎರಡೇ ದಿನಗಳ ಅಂತರದಲ್ಲಿ ಎರಡು ಗೇಮ್ ಕನ್ಸೋಲ್‌ಗಳು ಮಾರುಕಟ್ಟೆಗೆ ಬಂದವು. 10ರಂದು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, 12ರಂದು ಸೋನಿಯ ಪ್ಲೇಸ್ಟೇಷನ್ 5. ಅಮೆರಿಕದಲ್ಲಿ ಎರಡರ ಬೆಲೆಯೂ 499 ಡಾಲರ್. ಮುಚ್ಚಳ ತೆಗೆದು ನೋಡಿದರೆ ಹೋಲಿಕೆ ಇನ್ನೂ ಹೆಚ್ಚುತ್ತದೆ: ಎರಡಕ್ಕೂ ಎಎಂಡಿ ಕಂಪನಿಯದೇ ಚಿಪ್ಪು, ಎರಡರಲ್ಲೂ ಎಂಟು ಕೋರ್‌ಗಳ ಝೆನ್ 2 ಪ್ರೊಸೆಸರ್, ಎರಡರಲ್ಲೂ 16 ಗಿಗಾಬೈಟ್ ಮೆಮೊರಿ. ಆದರೂ ಯಾವುದು ಮೇಲು ಎಂಬ ವಾಗ್ವಾದ ಅಂದಿನಿಂದ ನಿಂತಿಲ್ಲ. ಆ ವಾಗ್ವಾದದಲ್ಲಿ ಮತ್ತೆ ಮತ್ತೆ ಮುಂದೆ ಬರುವ ಅಂಕಿ ಟೆರಾಫ್ಲಾಪ್. ಸೀರೀಸ್ ಎಕ್ಸ್‌ಗೆ 12.15, ಪ್ಲೇಸ್ಟೇಷನ್ 5ಕ್ಕೆ 10.28.

ಈ ಅಂಕಿ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಹಲವು ಗಣನಾ ಘಟಕಗಳಿದ್ದು, ಒಂದೊಂದರಲ್ಲೂ ಲೆಕ್ಕ ಮಾಡುವ 64 ಕಿರು ಭಾಗಗಳಿರುತ್ತವೆ. ಚಿಪ್ಪಿನ ಗಡಿಯಾರ ಒಮ್ಮೆ ಬಡಿದಾಗ ಪ್ರತಿ ಭಾಗವೂ ಒಂದು ಗುಣಾಕಾರ, ಒಂದು ಸಂಕಲನ, ಹೀಗೆ ಎರಡು ಲೆಕ್ಕ ಮುಗಿಸುತ್ತದೆ. ಪ್ಲೇಸ್ಟೇಷನ್ 5ರಲ್ಲಿ ಘಟಕಗಳು 36, ಗಡಿಯಾರದ ಬಡಿತ ಸೆಕೆಂಡಿಗೆ ಹೆಚ್ಚೆಂದರೆ 223 ಕೋಟಿ. ಇವನ್ನು 64ರಿಂದಲೂ 2ರಿಂದಲೂ ಗುಣಿಸಿದರೆ ಸೆಕೆಂಡಿಗೆ 10.28 ಲಕ್ಷ ಕೋಟಿ ಲೆಕ್ಕಗಳಾಗುತ್ತವೆ, ಅದೇ 10.28 ಟೆರಾಫ್ಲಾಪ್. ಸೀರೀಸ್ ಎಕ್ಸ್‌ನಲ್ಲಿ 52 ಘಟಕಗಳಿವೆ, ಬಡಿತ ಮಾತ್ರ 182.5 ಕೋಟಿ. ಅಂದರೆ ಒಬ್ಬರು ಆಳುಗಳನ್ನು ಹೆಚ್ಚಿಸಿದ್ದಾರೆ, ಇನ್ನೊಬ್ಬರು ಕಡಿಮೆ ಆಳುಗಳಿಂದ ಚುರುಕಾಗಿ ಕೆಲಸ ತೆಗೆದಿದ್ದಾರೆ. ಸೀರೀಸ್ ಎಕ್ಸ್‌ನ ಬಡಿತ ಸ್ಥಿರ. ಪ್ಲೇಸ್ಟೇಷನ್ 5ರದು ವಿದ್ಯುತ್ತಿನ ಮಿತಿಗೆ ತಕ್ಕಂತೆ ಅಗತ್ಯಬಿದ್ದಾಗ ಇಳಿಯುತ್ತದೆ.

ಆದರೆ ಇದು ಎಲ್ಲ ಆಳುಗಳೂ ಬಿಡುವಿಲ್ಲದೆ ದುಡಿದರೆ ಸಿಗುವ ಲೆಕ್ಕ. ಗೋಡೆ ಕಟ್ಟುವವರು ಎಷ್ಟೇ ಮಂದಿ ಇದ್ದರೂ ಇಟ್ಟಿಗೆ ಹೊತ್ತು ತರುವವರು ನಿಧಾನವಾದರೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇಲ್ಲಿ ಇಟ್ಟಿಗೆ ತರುವ ಕೆಲಸ ಮೆಮೊರಿಯದು ಮತ್ತು ಸಂಗ್ರಹಣೆಯದು. ಈ ಎರಡನೆಯದಕ್ಕೆ ಸೋನಿ ಹೆಚ್ಚು ಒತ್ತು ಕೊಟ್ಟಿತು. ಅದರ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಸಂಗ್ರಹ ಸಾಧನ, ಸೆಕೆಂಡಿಗೆ 5.5 ಗಿಗಾಬೈಟ್ ಓದಬಲ್ಲದು, ಸೀರೀಸ್ ಎಕ್ಸ್‌ನದು 2.4. ಬರೀ ಅಂಕಿಗಳ ಪ್ರಕಾರ 16 ಗಿಗಾಬೈಟ್ ಮೆಮೊರಿಯನ್ನು ತುಂಬಲು ಮೊದಲನೆಯದಕ್ಕೆ ಮೂರು ಸೆಕೆಂಡು, ಎರಡನೆಯದಕ್ಕೆ ಸುಮಾರು ಏಳು ಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕ್ ಇದ್ದ ಹಿಂದಿನ ಪೀಳಿಗೆಯನ್ನು ನೆನೆದರೆ ಎರಡೂ ಮಿಂಚಿನ ವೇಗವೇ. ಆಗಿನ ಅನೇಕ ಆಟಗಳಲ್ಲಿ ನಾಯಕ ಬಂಡೆಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ಅಡ್ಡಲಾಗಿ ಮೆಲ್ಲಗೆ ತೆವಳುತ್ತಿದ್ದ, ಇಲ್ಲವೇ ಲಿಫ್ಟ್‌ನಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಅದನ್ನು ಕಥೆಯ ಗಾಂಭೀರ್ಯ ಎಂದೇ ನಂಬಿದ್ದ ಆಟಗಾರರಲ್ಲಿ ನಾನೂ ಒಬ್ಬ. ಮುಂದಿನ ದೃಶ್ಯವನ್ನು ಡಿಸ್ಕ್ ಓದಿ ಮುಗಿಸುವವರೆಗೆ ನಮ್ಮನ್ನು ಕಾಯಿಸುವ ಉಪಾಯ ಅದಾಗಿತ್ತು.

ಹಾಗಾದರೆ ಟೆರಾಫ್ಲಾಪ್‌ನಲ್ಲಿರುವ ಶೇ 18ರಷ್ಟು ಅಂತರ ಪರದೆಯ ಮೇಲೆ ಕಾಣುತ್ತದೆಯೇ? 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಅಷ್ಟೂ ಚುಕ್ಕೆಗಳ ಬಣ್ಣ 16.7 ಮಿಲಿಸೆಕೆಂಡಿನೊಳಗೆ ನಿರ್ಧಾರವಾಗಬೇಕು. 30 ಚಿತ್ರ ಸಾಕೆಂದರೆ ಅದರ ಎರಡರಷ್ಟು ಸಮಯ ಸಿಗುತ್ತದೆ. ಅನೇಕ ಆಟಗಳು ಅಂದವೋ ವೇಗವೋ ಎಂದು ಮೊದಲೇ ನಮ್ಮನ್ನು ಕೇಳುವುದು ಇದಕ್ಕಾಗಿಯೇ. ದೃಶ್ಯ ಭಾರವಾದಾಗ ಚುಕ್ಕೆಗಳನ್ನು ಗುಟ್ಟಾಗಿ ಕಡಿಮೆ ಮಾಡಿ ಆಮೇಲೆ ಚಿತ್ರವನ್ನು ಹಿಗ್ಗಿಸುವ ಜಾಣತನವೂ ಈಗ ಸಾಮಾನ್ಯವಾಗಿದೆ. ಇಷ್ಟೆಲ್ಲ ಹೊಂದಾಣಿಕೆಗಳ ನಡುವೆ ಆ ಶೇ 18 ಹೆಚ್ಚಿನ ಆಟಗಳಲ್ಲಿ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಂಟೆಂಡೊ ಈ ಓಟಕ್ಕೇ ಇಳಿಯಲಿಲ್ಲ. 2017ರಲ್ಲಿ 299 ಡಾಲರ್‌ಗೆ ಬಂದ, ಕೈಯಲ್ಲಿ ಹಿಡಿದೂ ಆಡಬಹುದಾದ ಅದರ ಸ್ವಿಚ್ ಕನ್ಸೋಲ್‌ನಲ್ಲಿ ಇದ್ದದ್ದು ಎನ್‌ವಿಡಿಯಾದ ಟೆಗ್ರಾ ಎಕ್ಸ್1 ಎಂಬ, ಆಗಲೇ ಹಳತಾಗುತ್ತಿದ್ದ ಚಿಪ್ಪು ಮತ್ತು 4 ಗಿಗಾಬೈಟ್ ಮೆಮೊರಿ. ಆದರೆ ಅದರ ಸ್ವಂತ ಪರದೆ 720ಪಿ. ಅಂದರೆ 4ಕೆ ಪರದೆಯ ಚುಕ್ಕೆಗಳಲ್ಲಿ ಸರಿಯಾಗಿ ಒಂಬತ್ತನೇ ಒಂದು ಪಾಲು. ಬಣ್ಣ ಬಳಿಯಬೇಕಾದ ಗೋಡೆಯನ್ನೇ ಚಿಕ್ಕದು ಮಾಡಿದ ಮೇಲೆ ಸಣ್ಣ ಕುಂಚ ಸಾಲದೇ? ಈ ಯೋಚನೆ ಆ ಕಂಪನಿಗೆ ಹೊಸದಲ್ಲ. 1989ರ ಗೇಮ್ ಬಾಯ್‌ಗೆ ಬಣ್ಣವಿಲ್ಲದ ಮಂಕು ಪರದೆಯಿತ್ತು. ಎದುರಾಳಿ ಸೆಗಾದ ಗೇಮ್ ಗಿಯರ್‌ನಲ್ಲಿ ಬೆಳಗುವ ಬಣ್ಣದ ಪರದೆಯಿತ್ತು, ಆದರೆ ಅದು ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ನಾಲ್ಕು ಸೆಲ್‌ಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಆಡಿಸುತ್ತಿದ್ದ ಗೇಮ್ ಬಾಯ್ ಮಾರಾಟದಲ್ಲಿ ಬಹಳ ಮುಂದೆ ಹೋಯಿತು. ಸ್ವಿಚ್‌ನ ಮಾರಾಟವೂ 15 ಕೋಟಿ ದಾಟಿದೆ.

ಇನ್ನು ಬೆಲೆ. ಪೆಟ್ಟಿಗೆಯ ಮೇಲಿನ ಬೆಲೆಯನ್ನು ತಯಾರಿಕೆಯ ವೆಚ್ಚವೆಂದು ತಿಳಿಯುವಂತಿಲ್ಲ. ಕನ್ಸೋಲನ್ನು ನಷ್ಟಕ್ಕೆ ಮಾರಿ, ಆಟಗಳಿಂದಲೂ ಚಂದಾ ಹಣದಿಂದಲೂ ಅದನ್ನು ತುಂಬಿಕೊಳ್ಳುವುದು ಈ ಉದ್ಯಮದ ಹಳೆಯ ರೂಢಿ. 2006ರಲ್ಲಿ 599 ಡಾಲರ್ ಕೇಳಿದ ಪ್ಲೇಸ್ಟೇಷನ್ 3 ಕೂಡ ಆ ದುಬಾರಿ ಬೆಲೆಯಲ್ಲಿಯೇ ನಷ್ಟ ತರುತ್ತಿತ್ತು. ಡಿಸ್ಕ್ ಡ್ರೈವ್ ಇಲ್ಲದ ಪ್ಲೇಸ್ಟೇಷನ್ 5, 399 ಡಾಲರ್‌ಗೆ ಸಿಕ್ಕಾಗ ನೂರು ಡಾಲರ್ ಉಳಿಯಿತು ಎನ್ನಿಸುವುದು ಸಹಜ. ಆದರೆ ಅದರ ಒಡೆಯ ಹಳೆಯ ಡಿಸ್ಕ್ ಕೊಳ್ಳಲಾರ, ಆಡಿ ಮುಗಿಸಿದ್ದನ್ನು ಮಾರಲಾರ, ಗೆಳೆಯನಿಂದ ಎರವಲು ತರಲಾರ. ಒಂದೊಂದು ಆಟದಲ್ಲಿ 25 ಡಾಲರ್ ಹೆಚ್ಚು ಖರ್ಚಾಯಿತೆಂದುಕೊಂಡರೂ ನಾಲ್ಕನೆಯ ಆಟಕ್ಕೆ ಉಳಿತಾಯ ಕರಗಿರುತ್ತದೆ.

ಚಿಪ್ಪು ಚಿಕ್ಕದಾದಂತೆ ಕನ್ಸೋಲ್ ಅಗ್ಗವಾಗುವುದು ಮೊದಲಿನ ಲೆಕ್ಕಾಚಾರವಾಗಿತ್ತು. 2000ದಲ್ಲಿ 299 ಡಾಲರ್ ಇದ್ದ ಪ್ಲೇಸ್ಟೇಷನ್ 2, 2009ರಲ್ಲಿ 99ಕ್ಕೆ ಇಳಿದಿತ್ತು. ಈಗ ಆ ಲೆಕ್ಕ ತಲೆಕೆಳಗಾಗಿದೆ. 2025ರ ಆಗಸ್ಟ್‌ನಲ್ಲಿ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರ ಬೆಲೆ ಅಮೆರಿಕದಲ್ಲಿ 549 ಡಾಲರ್‌ಗೆ ಏರಿತು. ಸೀರೀಸ್ ಎಕ್ಸ್ ಅದೇ ವರ್ಷ ಮೊದಲು 599ಕ್ಕೆ, ಅಕ್ಟೋಬರ್‌ನಲ್ಲಿ 649ಕ್ಕೆ ಹೋಯಿತು. ಒಳಗಿನ 36 ಮತ್ತು 52 ಘಟಕಗಳು ಮೊದಲಿದ್ದಷ್ಟೇ ಇವೆ. ಒಂದೇ ಬೆಲೆಯಿಂದ ಹೊರಟ ಆ ಎರಡು ಪೆಟ್ಟಿಗೆಗಳ ನಡುವೆ 2025ರ ಕೊನೆಗೆ ನೂರು ಡಾಲರ್‌ಗಳ ಅಂತರ ಮಾತ್ರ ಹೊಸದಾಗಿ ಸೇರಿಕೊಂಡಿತ್ತು.