ಕ್ರಾಸ್ ಪಟ್ಟಿಯ ಟಿಪ್ಪಣಿ: ಎಂಟು ಬಳೆಗಳು ಒಂದು ಪಟ್ಟಿಯಾದ ಬಗೆ

ಹೊಲಿಗೆ ತರಗತಿಗೆ ಸೇರಿ ಏಳು ವಾರವಾಯಿತು. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಆರರಿಂದ ಏಳೂವರೆ ಹೊಲಿಗೆ. ಮನೆಗೆ ಬೇಕಾದ ಸಣ್ಣಪುಟ್ಟ ವಸ್ತುಗಳಿಂದ ಶುರು ಮಾಡಿ, ರವಿಕೆಯ ತಂಟೆಗೆ ಆಮೇಲೆ ಹೋಗೋಣ ಎಂಬುದು ನಮಗೆ ಕಲಿಸುವ ಅಕ್ಕನ ಕ್ರಮ. ದಿಂಬಿನ ಚೀಲ, ಮಸಿಬಟ್ಟೆ, ಬಿಸಿ ಪಾತ್ರೆಯ ಕೆಳಗೆ ಹಾಕುವ ದುಂಡು ಮ್ಯಾಟು, ಕಾಲೊರೆಸು ಇಷ್ಟನ್ನು ಮುಗಿಸಿದ್ದೇವೆ. ಈ ಟಿಪ್ಪಣಿಯ ಮುಕ್ಕಾಲು ಭಾಗವನ್ನು ಒಂದೇ ವಿಷಯ ನುಂಗುತ್ತದೆ: ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಅಂಚಿಗೆ ಕಟ್ಟುವ ಕ್ರಾಸ್ ಪಟ್ಟಿ. ನಾನು ಎಡವಿದ್ದು ಅಲ್ಲಿ. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ದಿಂಬಿನ ಚೀಲ

ಇದರಲ್ಲಿ ಕಷ್ಟವೇನೂ ಇಲ್ಲ. 17×27 ಇಂಚಿನ ದಿಂಬಿಗೆ 18 ಇಂಚು ಅಗಲ, 62 ಇಂಚು ಉದ್ದದ ಬಟ್ಟೆ ಸಾಕು. ಎರಡು ತುದಿಗಳನ್ನೂ ಮಡಚಿ ಹೊಲಿಯಿರಿ. ಹೊರಮೈ ಮೇಲೆ ಮಾಡಿ ಹಾಸಿ, ಮೊದಲು ಉದ್ದದ ಭಾಗವನ್ನು ಮಡಚಿ, ಅದರ ಮೇಲೆ ಉಳಿದ 6 ಇಂಚಿನ ಮಡಿಕೆಯನ್ನು ತನ್ನಿ. ಎರಡು ಪಕ್ಕ ಹೊಲಿದು ತಿರುವಿ ಹಾಕಿ. ಮಡಿಕೆಯನ್ನು ಮೊದಲು ಮಡಚಿದರೆ ತಿರುವಿದಾಗ ಅದು ಚೀಲದ ಹೊರಗೆ ಬಂದು ಕೂರುತ್ತದೆ. ಮುಂದೆ ಹೋಗೋಣ.

ಬಟ್ಟೆಯನ್ನು ಸುಟ್ಟು ನೋಡಿ

ದುಂಡು ಮ್ಯಾಟಿಗೆ ಹಳೆಯ ಹತ್ತಿ ಪಂಚೆಯೋ ಟರ್ಕಿ ಟವೆಲೋ ಬೇಕು. ನಾಲ್ಕೈದು ಪದರ ಹಾಕಬೇಕು. ನಾನು ಅಂಚಿನ ಪಟ್ಟಿಗೆ ಗೌರಿ ಹಬ್ಬದ ಬಾಗಿನದಲ್ಲಿ ಬಂದ ರವಿಕೆ ಕಣಗಳನ್ನು ಹೊರತೆಗೆದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಲೇ ಇರುವ ಈ ಕಣಗಳಿಗೆ ಕತ್ತರಿಯ ಯೋಗ ಬರುವುದು ಅಪರೂಪ. ನನ್ನ ಕೈಯಲ್ಲಾದರೂ ಮುಕ್ತಿ ಸಿಗಲಿ ಎಂದುಕೊಂಡೆ. ಆದರೆ ಅವುಗಳಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರ್. ಒಲೆಯಿಂದ ಇಳಿಸಿದ ಬಾಣಲೆಯ ಕೆಳಗೆ ಪಾಲಿಯೆಸ್ಟರ್ ಕರಗಿ ಅಂಟಿಕೊಳ್ಳಬಹುದು. ಪರೀಕ್ಷೆ ಸುಲಭ: ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಏಳು ಕಣಗಳಲ್ಲಿ ಮೂರು ಪಾಸಾದವು. ಉಳಿದ ನಾಲ್ಕು ಮುಂದಿನ ಗೌರಿ ಹಬ್ಬಕ್ಕೆ ಮತ್ತೆ ಪ್ರಯಾಣ ಹೊರಡಲಿವೆ.

ಕತ್ತರಿಸುವ ಮುಂಚೆ ಒಮ್ಮೆ ಒಗೆದು ಒಣಗಿಸಿ, ಹತ್ತಿ ಕುಗ್ಗುತ್ತದೆ. ಹಾಸನದ ಜುಲೈನಲ್ಲಿ ಒಣಗಿಸುವುದೆಂದರೆ ಎರಡು ದಿನ ಫ್ಯಾನಿನ ಕೆಳಗೆ ಹರಡುವುದು ಎಂದರ್ಥ.

ಓರೆಯಾಗಿಯೇ ಏಕೆ ಕತ್ತರಿಸಬೇಕು?

ನೇರವಾಗಿ ಕತ್ತರಿಸಿದ ಪಟ್ಟಿಯನ್ನು ದುಂಡು ಅಂಚಿಗೆ ಕಟ್ಟಿದರೆ ಅದು ಸುಕ್ಕುಗಟ್ಟುತ್ತದೆ. ಕರವಸ್ತ್ರ ಹಿಡಿದು ನೋಡಿ. ಎದುರುಬದುರು ಅಂಚುಗಳನ್ನು ಹಿಡಿದು ಎಳೆದರೆ ಜಗ್ಗುವುದಿಲ್ಲ. ಎದುರುಬದುರು ಮೂಲೆಗಳನ್ನು ಹಿಡಿದು ಎಳೆದರೆ ಉದ್ದವಾಗುತ್ತದೆ. ದಾರ ಉದ್ದವಾಗಿದ್ದಲ್ಲ. ನಮ್ಮ ಅಂಗಡಿಯ ಮಡಚುವ ಕಬ್ಬಿಣದ ಗೇಟನ್ನು ದಿನಾ ಬೆಳಿಗ್ಗೆ ತಳ್ಳುವವಳಿಗೆ ಇದು ಹೊಳೆಯಲು ಇಷ್ಟು ದಿನ ಬೇಕಾಯಿತು: ಸರಳುಗಳು ಅಷ್ಟೇ ಉದ್ದ ಇರುತ್ತವೆ, ಅವುಗಳ ನಡುವಿನ ಕಂಡಿ ಮಾತ್ರ ಕಿರಿದಾಗುತ್ತದೆ, ಅಗಲವಾಗುತ್ತದೆ. ಬಟ್ಟೆಯಲ್ಲಿ ಹಾಸು (ಉದ್ದದ ಎಳೆ) ಮತ್ತು ಹೊಕ್ಕು (ಅಡ್ಡದ ಎಳೆ) ಆ ಸರಳುಗಳು. ಎರಡಕ್ಕೂ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದ ಪಟ್ಟಿ ಗೇಟಿನ ಹಾಗೆ ಹಿಗ್ಗಿ ಕುಗ್ಗಿ ದುಂಡಗೆ ತಿರುಗುತ್ತದೆ. ಇದೇ ಕಾರಣಕ್ಕೆ ಕ್ರಾಸ್ ಪಟ್ಟಿಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬಾರದು, ಎತ್ತಿ ಎತ್ತಿ ಒತ್ತಬೇಕು.

ಎಷ್ಟು ಬಟ್ಟೆ ಬೇಕು?

ಅಕ್ಕ ಹೇಳಿಕೊಟ್ಟವುಗಳಲ್ಲಿ ನನಗೆ ಅತಿ ಪ್ರಿಯವಾದ ಲೆಕ್ಕ ಇದು. ಬಟ್ಟೆಯ ಉದ್ದವನ್ನು ಅಗಲದಿಂದ ಗುಣಿಸಿ, ಪಟ್ಟಿಯ ಅಗಲದಿಂದ ಭಾಗಿಸಿ. 18×18 ಇಂಚಿನ ಚೌಕ ಎಂದರೆ 324. ಒಂದೂವರೆ ಇಂಚಿನ ಪಟ್ಟಿ ಬೇಕಾದರೆ 324ನ್ನು 1.5ರಿಂದ ಭಾಗಿಸಿ: 216 ಇಂಚು. ಆರು ಗಜ! ಒಂದು ರವಿಕೆ ಕಣದ ಚೂರಿನಿಂದ! ಶಾಲೆಯಲ್ಲಿ ವಿಸ್ತೀರ್ಣ ಕಲಿಸುವಾಗ ಹೊಲ, ಕೋಣೆ, ನೆಲಹಾಸು ಎಂದು ಬೇಸರ ಹಿಡಿಸುವ ಬದಲು ಇದನ್ನು ಹೇಳಿದ್ದರೆ ನಾನು ಗಣಿತದಲ್ಲಿ 41 ಅಂಕಕ್ಕೆ ನಿಲ್ಲುತ್ತಿರಲಿಲ್ಲ.

ಕೈಗೆ ಸಿಗುವುದು ಅಷ್ಟಿಲ್ಲ. ಹೊಲಿಗೆಗಳು ಒಂದು ಅಡಿಯಷ್ಟು ತಿನ್ನುತ್ತವೆ. ಕೊನೆಯಲ್ಲಿ ಒಂದು ಕಿರಿದಾದ ತುಂಡು ಪಟ್ಟಿಯಾಗಲಾರದೆ ಉಳಿಯುತ್ತದೆ, ಅಲ್ಲೂ ಸ್ವಲ್ಪ ಹೋಯಿತು. ನನಗೆ ಸಿಕ್ಕಿದ್ದು 190 ಇಂಚು. 8 ಇಂಚು ವ್ಯಾಸದ ಒಂದು ಮ್ಯಾಟಿನ ಸುತ್ತಳತೆ 25 ಇಂಚು, ತುದಿ ಸೇರಿಸಲು 3 ಇಂಚು, ಒಟ್ಟು 28. ಆರು ಮ್ಯಾಟಿಗೆ 168.

ಒಂದು ಗೆರೆ ಜಾರಿಸುವುದು

ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಬಹುದು. ಆದರೆ ಇಡೀ ಚೌಕವನ್ನು ಒಂದೇ ಉದ್ದ ಪಟ್ಟಿ ಮಾಡುವ ಉಪಾಯ ಒಂದಿದೆ, ಅದರಲ್ಲಿ ಹೊಲಿಗೆ ಎರಡೇ. ನನ್ನ ಮೂರು ಸಂಜೆಗಳನ್ನು ತಿಂದದ್ದೂ ಅದೇ. ನಿಧಾನವಾಗಿ ಬರೆಯುತ್ತೇನೆ.

ಚೌಕವನ್ನು ಒಳಮೈ ಮೇಲೆ ಬರುವಂತೆ ಹಾಸಿ. ಮೇಲಿನ ಮತ್ತು ಕೆಳಗಿನ ಅಂಚಿಗೆ ಕೆಂಪು ಚುಕ್ಕೆ ಇಡಿ, ಎಡಬಲದ ಅಂಚುಗಳಿಗೆ ನೀಲಿ. ಈಗ ಮೂಲೆಯಿಂದ ಮೂಲೆಗೆ ಕತ್ತರಿಸಿ. ಎರಡು ತ್ರಿಕೋನಗಳು ಸಿಕ್ಕವು. ಪ್ರತಿಯೊಂದಕ್ಕೂ ಒಂದು ಕೆಂಪು ಅಂಚು, ಒಂದು ನೀಲಿ ಅಂಚು. ಹೊರಮೈಗೆ ಹೊರಮೈ ತಾಗುವಂತೆ ಕೆಂಪನ್ನು ಕೆಂಪಿಗೆ ಸೇರಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ, ಬಿಡಿಸಿ ಇಸ್ತ್ರಿ ಮಾಡಿ. ಗೋಡಂಬಿ ಬರ್ಫಿಯನ್ನು ಒಂದು ಕಡೆಗೆ ಎಳೆದಂತಹ ಆಕಾರ ಬರುತ್ತದೆ. ಉದ್ದದ ಎರಡು ಅಂಚುಗಳು ಓರೆ ಕತ್ತರಿಸಿದವು, ಗಿಡ್ಡ ಎರಡು ಅಂಚುಗಳು ನೀಲಿಯವು.

ಒಳಮೈಯಲ್ಲಿ ಉದ್ದದ ಅಂಚಿಗೆ ಸಮಾನಾಂತರವಾಗಿ ಒಂದೂವರೆ ಇಂಚಿಗೊಂದು ಗೆರೆ ಎಳೆಯಿರಿ. ಎಂಟು ಪಟ್ಟಿಗಳಿಗೆ ಜಾಗ ಸಿಗುತ್ತದೆ. ಉಳಿದ ತುಂಡನ್ನು ಕತ್ತರಿಸಿ ತೆಗೆಯಿರಿ. ಎಡದ ನೀಲಿ ಅಂಚಿನಲ್ಲಿ ಪಟ್ಟಿಗಳಿಗೆ 1ರಿಂದ 8ರವರೆಗೆ ಸಂಖ್ಯೆ ಬರೆಯಿರಿ. ಬಲದ ನೀಲಿ ಅಂಚಿನಲ್ಲೂ ಅದೇ ಪಟ್ಟಿಗಳಿಗೆ ಅದೇ ಸಂಖ್ಯೆ. ಸಂಖ್ಯೆ ಬರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ, ಇದು ನನ್ನದೇ ಸೇರ್ಪಡೆ. ಇದಿಲ್ಲದೆ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಈಗ ನೀಲಿಯನ್ನು ನೀಲಿಗೆ ಸೇರಿಸಿ ಕೊಳವೆ ಮಾಡಬೇಕು. ಮೊದಲ ಸಲ ನಾನು ಅಚ್ಚುಕಟ್ಟಾಗಿ 1ಕ್ಕೆ 1, 2ಕ್ಕೆ 2 ಸೇರಿಸಿದೆ. ತುದಿಗಳು ಸರಿಯಾಗಿ ಕೂತವು. ಹೆಮ್ಮೆಯಿಂದ ಗೆರೆ ಹಿಡಿದು ಕತ್ತರಿಸಿದೆ. ಎರಡಡಿ ಸುತ್ತಳತೆಯ ಒಂದು ಬಳೆ ಕೈಗೆ ಬಂತು. ಮುಂದಿನ ಗೆರೆಯಲ್ಲಿ ಇನ್ನೊಂದು. ಎಂಟು ಬಳೆಗಳು. ಅಕ್ಕ ಕನ್ನಡಕ ಮೇಲೆ ಮಾಡಿ ನೋಡಿದರು. “ಚಕ್ಕುಲಿ ಒತ್ತು ಎಂದರೆ ಕೋಡುಬಳೆ ಮಾಡಿದ್ದೀಯಲ್ಲಮ್ಮ” ಎಂದರು.

ಆ ಮಾತಿನಲ್ಲಿ ಎಲ್ಲವೂ ಇತ್ತು. ಕೋಡುಬಳೆಯಲ್ಲಿ ತುದಿ ತನ್ನದೇ ತುದಿಯನ್ನು ಸೇರುತ್ತದೆ. ಚಕ್ಕುಲಿ ಒಂದು ಸುತ್ತು ಬಂದಾಗ ತಾನು ಹೊರಟ ಜಾಗಕ್ಕೆ ಬರುವುದಿಲ್ಲ, ಅದರ ಪಕ್ಕಕ್ಕೆ ಬರುತ್ತದೆ. ಹಾಗಾಗಿ ಬಲದ 1ನ್ನು ಎಡದ 2ಕ್ಕೆ ಸೇರಿಸಬೇಕು, ಬಲದ 2ನ್ನು ಎಡದ 3ಕ್ಕೆ, ಹೀಗೆ ಬಲದ 7 ಎಡದ 8ಕ್ಕೆ. ಎಡದ 1 ಜೋಡಿಯಿಲ್ಲದೆ ಒಂದು ಕಡೆ ಬಾಲದಂತೆ ನೇತಾಡುತ್ತದೆ, ಬಲದ 8 ಇನ್ನೊಂದು ಕಡೆ. ಈ ಎರಡು ಬಾಲಗಳೇ ಉದ್ದ ಪಟ್ಟಿಯ ಎರಡು ತುದಿಗಳು. ಬಾಲ ಕಂಡ ಕೂಡಲೇ ತಪ್ಪಾಯಿತೆಂದು ನೇರ ಮಾಡಲು ಹೋಗಬೇಡಿ. ಕೊಳವೆಯೂ ಚೀಲದ ಹಾಗೆ ಸಪಾಟಾಗಿ ಮಲಗುವುದಿಲ್ಲ, ಹಿಂಡಿದ ಪಂಚೆಯ ಹಾಗೆ ತಿರುಚಿಕೊಂಡಿರುತ್ತದೆ. ಹಾಗೇ ಇರಬೇಕು.

ನಂಬಿಕೆ ಬರದಿದ್ದರೆ ಹಳೆಯ ದಿನಪತ್ರಿಕೆಯನ್ನು ಚೌಕವಾಗಿ ಕತ್ತರಿಸಿ ಸೆಲೋಟೇಪು ಅಂಟಿಸಿ ಮಾಡಿ ನೋಡಿ. ನಾನು ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಹಾಗೆ ಮಾಡಿದ ಮೇಲೆಯೇ ನನ್ನ ತಲೆಗೆ ಹತ್ತಿದ್ದು.

ಎರಡನೆಯ ಎಡವಟ್ಟು ಇನ್ನೂ ಸಣ್ಣದು, ಇನ್ನೂ ಕೆಟ್ಟದ್ದು. ಒಂದು ಗೆರೆ ಜಾರಿಸಿ, ಗೆರೆಯ ತುದಿಗೆ ಗೆರೆಯ ತುದಿ ಸೇರಿಸಿ ಹೊಲಿದೆ. ಬಿಡಿಸಿ ನೋಡಿದರೆ ಪ್ರತಿ ಗೆರೆಯೂ ಹೊಲಿಗೆಯ ಬಳಿ ಮೆಟ್ಟಿಲಿನಂತೆ ಮುರಿದಿತ್ತು. ಕಾರಣ: ನಾನು ಗೆರೆಗಳನ್ನು ಬಟ್ಟೆಯ ಅಂಚಿನಲ್ಲಿ ಸೇರಿಸಿದ್ದೆ, ಹೊಲಿದದ್ದು ಕಾಲು ಇಂಚು ಒಳಗೆ. ಗೆರೆಗಳು ಓರೆ ಇರುವುದರಿಂದ ಕಾಲು ಇಂಚು ಒಳಗೆ ಬರುವಷ್ಟರಲ್ಲಿ ಒಂದು ಪದರದ ಗೆರೆ ಕಾಲು ಇಂಚು ಆ ಕಡೆ, ಇನ್ನೊಂದು ಪದರದ್ದು ಕಾಲು ಇಂಚು ಈ ಕಡೆ ಸರಿದಿರುತ್ತದೆ. ಒಟ್ಟು ಅರ್ಧ ಇಂಚು ತಪ್ಪುತ್ತದೆ. ಪಟ್ಟಿಯೇ ಒಂದೂವರೆ ಇಂಚಿರುವಾಗ ಇದು ಸಣ್ಣದಲ್ಲ. ಪರಿಹಾರ: ಎರಡು ನೀಲಿ ಅಂಚುಗಳಲ್ಲೂ ಕಾಲು ಇಂಚು ಒಳಗೆ ಇನ್ನೊಂದು ಗೆರೆ ಎಳೆಯಿರಿ. ಓರೆ ಗೆರೆ ಈ ಗೆರೆಯನ್ನು ದಾಟುವ ಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ, ಅದು ಹಿಂದಿನ ಪದರದ ಅಂಥದ್ದೇ ಬಿಂದುವಿನಲ್ಲಿ ಹೊರಬರುವಂತೆ ನೋಡಿ. ಏಳು ಸೂಜಿ, ಏಳು ಬಿಂದು. ಅಂಚಿನಲ್ಲಿ ಗೆರೆಗಳು ಸೇರದೆ ಕತ್ತರಿಯ ಬಾಯಿಯಂತೆ ಕಾಣುತ್ತವೆ, ಕಾಣಲಿ.

ಹೊಲಿಗೆಯನ್ನು ಚಿಕ್ಕದಾಗಿ ಇಡಿ, ಏಕೆಂದರೆ ಮುಂದೆ ಕತ್ತರಿ ಈ ಹೊಲಿಗೆಯನ್ನು ಅಡ್ಡವಾಗಿ ದಾಟುತ್ತದೆ. ದೊಡ್ಡ ಹೊಲಿಗೆಯಾದರೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಬಾಲದಿಂದ ಶುರು ಮಾಡಿ ಗೆರೆ ಹಿಡಿದು ಕತ್ತರಿಸುತ್ತಾ ಹೋಗಿ. ಸುತ್ತು ಸುತ್ತಾಗಿ ಪಟ್ಟಿ ಮಡಿಲಿಗೆ ಇಳಿಯುತ್ತದೆ. ಮಾತ್ರೆಯ ಖಾಲಿ ರಟ್ಟಿನ ಪೆಟ್ಟಿಗೆಗೆ ಸುತ್ತಿಟ್ಟುಕೊಂಡೆ.

ನಮ್ಮ ತರಗತಿಯಲ್ಲಿ ಒಬ್ಬರು ಮೊದಲು ಹಾಸನದ ಹೊರವಲಯದ ಬೆಡ್‌ಶೀಟ್ ಕಾರ್ಖಾನೆಯಲ್ಲಿದ್ದವರು. ಅಲ್ಲಿ ಯಂತ್ರಕ್ಕೆ ಫೋಲ್ಡರ್ ಸಿಕ್ಕಿಸಿದರೆ ಪಟ್ಟಿ ತಾನೇ ಮಡಚಿಕೊಂಡು ಅಂಚಿಗೆ ಕೂರುತ್ತಿತ್ತಂತೆ. ನಮ್ಮದು ಕಾಲಿನಿಂದ ತುಳಿಯುವ ಯಂತ್ರ, ನಮ್ಮ ಬೆರಳೇ ಫೋಲ್ಡರ್.

ಅಂಚಿಗೆ ಕಟ್ಟುವುದು

ಪಟ್ಟಿಯ ಮೊದಲ ತುದಿಯನ್ನು ಅರ್ಧ ಇಂಚು ಮಡಚಿಕೊಂಡು, ಮ್ಯಾಟಿನ ಮುಂಭಾಗಕ್ಕೆ ಕಾಲು ಇಂಚಿನಲ್ಲಿ ಹೊಲಿಯಿರಿ. ಸುತ್ತು ಬಂದ ಮೇಲೆ ಕೊನೆಯ ತುದಿಯನ್ನು ಅದರ ಮೇಲೆ ಒಂದಿಂಚು ಹಾಯಿಸಿ, ಹಿಂದಕ್ಕೆ ತಿರುವಿ ಮಡಚಿ ಕೈಹೊಲಿಗೆ ಹಾಕಿ. ರವಿಕೆಯ ಕುತ್ತಿಗೆಗೆ ಹೊಲಿಯುವಾಗ ಪಟ್ಟಿಯನ್ನು ತುಸು ಜಗ್ಗಬೇಕು, ಅದು ಒಳಬಾಗು. ಮ್ಯಾಟಿನದು ಹೊರಬಾಗು, ಇಲ್ಲಿ ಜಗ್ಗಿದರೆ ಮ್ಯಾಟು ಬಟ್ಟಲಿನಂತೆ ಎದ್ದು ನಿಲ್ಲುತ್ತದೆ. ನನ್ನ ಮೊದಲನೆಯದರಲ್ಲಿ ಈಗ ಬೆಳ್ಳುಳ್ಳಿ ಇಟ್ಟಿದ್ದೇವೆ.

ಸಕಲೇಶಪುರದ ಚಿಕ್ಕಮ್ಮ ಕೊಟ್ಟ ಕಾಫಿಯ ಗೋಣಿಚೀಲದ ಕಾಲೊರೆಸಿಗೂ ಇದೇ ಪಟ್ಟಿ, ಅಗಲ ಮಾತ್ರ ಮೂರು ಇಂಚು. ಯಂತ್ರದ 16ನೇ ಸಂಖ್ಯೆಯ ಸೂಜಿ ಎರಡು ಮುರಿದ ಮೇಲೆ ಅಮ್ಮ ದಬ್ಬಣ ತಂದು ಕೈಯಲ್ಲೇ ಹೊಲಿದು ಮುಗಿಸಿದರು.

ಆರು ಮ್ಯಾಟಿಗೆ 168 ಹೋಗಿ ಉಳಿದದ್ದು 22 ಇಂಚು. ಮೊಳೆಗೆ ನೇತುಹಾಕುವ ಕುಣಿಕೆಗೆ ಒಂದಕ್ಕೆ 4 ಇಂಚಿನಂತೆ ಐದಕ್ಕೆ ಸಾಲಿತು. ಆರನೆಯದು ಕುಣಿಕೆಯಿಲ್ಲದೆ ಕುಕ್ಕರಿನ ಕೆಳಗೇ ಬಿದ್ದಿರುತ್ತದೆ.