ಪೀಲ್‌ಗೆ ಬರುವಾಗ ಮನೆಯ ಕ್ರೀಮನ್ನೂ ತನ್ನಿ

ಮುಖಕ್ಕೆ ಆಸಿಡ್ ಹಚ್ಚಿ ಹಳೆಯ ಮೇಲ್ಪದರ ಉದುರಿಸುವ ಕೆಮಿಕಲ್ ಪೀಲ್ ಬೇಕು ಅಂತ ಬರುವವರನ್ನು ನಾನು ಮೊದಲು ಕೇಳುವುದು, ಈಗ ಮುಖಕ್ಕೆ ಏನೇನು ಹಚ್ಚುತ್ತಿದ್ದೀರಿ ಅಂತ. "ಏನೂ ಇಲ್ಲ ಡಾಕ್ಟ್ರೇ, ಬರೀ ನೈಟ್ ಕ್ರೀಮ್" ಅನ್ನುತ್ತಾರೆ. ಅದನ್ನೇ ತೋರಿಸಿ ಅಂದರೆ ಬ್ಯಾಗಿನಿಂದ ಒಂದು ಪುಟ್ಟ ಟ್ಯೂಬ್ ಹೊರಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಂಡದ್ದು. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೀರಾಯ್ಡ್.

ಈ ಮೂರು ಸೇರಿದ ಕ್ರೀಮ್ ಕೆಟ್ಟದ್ದೇನಲ್ಲ. ಬಂಗಿಗೆ, ಅಂದರೆ ಮುಖದ ಮೇಲೆ ಹರಡುವ ಕಂದು ಕಲೆಗೆ, ಕೆಲವು ವಾರಗಳ ಮಟ್ಟಿಗೆ ನಾವೇ ಬರೆದುಕೊಡುತ್ತೇವೆ. ಆದರೆ ಒಬ್ಬರಿಗೆ ಬರೆದುಕೊಟ್ಟದ್ದನ್ನು ನಾದಿನಿ, ಅತ್ತಿಗೆ, ಪಕ್ಕದ ಮನೆಯವರೆಲ್ಲ ವರ್ಷಗಟ್ಟಲೆ ಹಚ್ಚುತ್ತಾರೆ. ಮೊದಮೊದಲು ಮುಖ ಬೆಳ್ಳಗಾಗುತ್ತದೆ, ಖುಷಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ. ಕೆನ್ನೆಯಲ್ಲಿ ಕೆಂಪು ಗೆರೆಗಳ ಹಾಗೆ ಸಣ್ಣ ರಕ್ತನಾಳ ಕಾಣತೊಡಗುತ್ತವೆ. ಬಿಸಿಲಿಗೆ ಹೋದರೆ ಉರಿ, ಮೊಡವೆ, ತುಟಿ ಮೇಲೆ ಕೂದಲು. ಬಿಟ್ಟರೆ ಮುಖ ಕೆಂಪಗೆ ಊದುತ್ತದೆ ಅಂತ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಮಾರುವಂತಿಲ್ಲ. ಕೌಂಟರಿನಲ್ಲಿ ನಡೆಯುವ ವ್ಯಾಪಾರ ನಿಮಗೂ ಗೊತ್ತು, ನನಗೂ ಗೊತ್ತು.

ಹೀಗೆ ಸೋತ ಚರ್ಮಕ್ಕೆ ಆಸಿಡ್ ಹಚ್ಚುವುದು ಅಪಾಯ. ಮೊದಲು ಕ್ರೀಮ್ ಬಿಡಿಸಬೇಕು, ಅದಕ್ಕೇ ತಿಂಗಳುಗಳು ಬೇಕು. "ಹಾಗಾದ್ರೆ ಇವತ್ತು ಪೀಲ್ ಇಲ್ವಾ?" ಇಲ್ಲ.

ಪೀಲ್ ಕೆಲಸ ಮಾಡುವ ಬಗೆ ಸರಳ. ನಮ್ಮ ಚರ್ಮದ ಮೇಲ್ಪದರ ಸುಮಾರು 28 ದಿನಕ್ಕೊಮ್ಮೆ ತಾನಾಗೇ ಹೊಸದಾಗುತ್ತದೆ. ಹಳೆಯ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನು ಆಸಿಡ್ ಸಡಿಲಿಸುತ್ತದೆ, ಉದುರುವುದು ಬೇಗ ಆಗುತ್ತದೆ. ಯಾವ ಆಸಿಡ್ ಅನ್ನುವುದು ತೊಂದರೆಯ ಮೇಲೆ ನಿಂತಿದೆ. ಎಣ್ಣೆ ಮುಖ, ಮೊಡವೆ ಜಾಸ್ತಿ ಇದ್ದರೆ ಸ್ಯಾಲಿಸಿಲಿಕ್. ಅದು ಜಿಡ್ಡಿನಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದೊಳಕ್ಕೆ ಇಳಿಯುತ್ತದೆ. ಬಂಗಿಗೆ, ಕಲೆಗೆ ಗ್ಲೈಕೋಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್. ಗ್ಲೈಕೋಲಿಕ್ ಕಬ್ಬಿನಲ್ಲೂ ಇರುವ ಆಸಿಡ್. ಅದರ ಕಣ ತೀರಾ ಚಿಕ್ಕದು, ಸರಕ್ಕನೆ ಒಳಗಿಳಿಯುತ್ತದೆ. ಮ್ಯಾಂಡೆಲಿಕ್ ಕಣ ದೊಡ್ಡದು, ನಿಧಾನ. ಕಪ್ಪು ಮೈಬಣ್ಣದವರಿಗೆ, ಬೇಗ ಉರಿಯುವ ಮುಖಕ್ಕೆ ನನಗೆ ಅದೇ ಇಷ್ಟ. ಬಾಟಲಿ ಮೇಲಿನ ಪರ್ಸೆಂಟ್ ನೋಡಿ ಹೋಲಿಸುವವರಿಗೆ ಒಂದು ಮಾತು: 35% ಅಂತ ಬರೆದ ಎರಡು ಬಾಟಲಿ ಒಂದೇ ಅಲ್ಲ. ಹುಳಿಯ ಅಳತೆಯಾದ ಪಿಎಚ್ ಕಮ್ಮಿ ಇರುವುದು ಎಷ್ಟೋ ಪಾಲು ಜೋರು.

ಜೋರು ಅಂದರೆ ಒಳ್ಳೇದು ಅನ್ನುವ ಲೆಕ್ಕ ನಮ್ಮ ಚರ್ಮಕ್ಕೆ ಒಗ್ಗುವುದಿಲ್ಲ. ಬಿಸಿಲಿಗೆ ಹೇಗೆ ಸುಡುತ್ತದೆ, ಹೇಗೆ ಕಪ್ಪಾಗುತ್ತದೆ ಅಂತ ನೋಡಿ ಚರ್ಮವನ್ನು ಆರು ಬಗೆ ಮಾಡುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯಲ್ಲಿ ನಾವು ಹೆಚ್ಚಿನವರು ನಾಲ್ಕು, ಐದನೇ ಸಾಲಿನವರು. ಈ ಚರ್ಮ ಬೇಗ ಸುಕ್ಕುಗಟ್ಟುವುದಿಲ್ಲ, ಆದರೆ ಎಲ್ಲಿ ಗಾಯವಾಯಿತೋ ಅಲ್ಲಿ ಕಪ್ಪಗಾಗುತ್ತದೆ. ಮಕ್ಕಳ ಕಾಲಲ್ಲಿ ಸೊಳ್ಳೆ ಕಚ್ಚಿದ ಗುರುತು ತಿಂಗಳುಗಟ್ಟಲೆ ಇರುತ್ತಲ್ಲ, ಅದೇ ಇದು. ಕಲೆ ತೆಗೆಯಲು ಹೋಗಿ ಆಳವಾಗಿ ಸುಟ್ಟರೆ ಇನ್ನೂ ದೊಡ್ಡ ಕಲೆ. ಬಿಳಿ ಚರ್ಮದವರ ಸುಕ್ಕಿಗೆ ಮಾಡುವ ಫಿನಾಲ್ ಪೀಲ್ ವಿಡಿಯೋ ತೋರಿಸಿ ಕೇಳುವವರಿದ್ದಾರೆ. ಫಿನಾಲ್ ರಕ್ತಕ್ಕೆ ಸೇರಿ ಎದೆಬಡಿತವನ್ನೇ ಏರುಪೇರು ಮಾಡಬಲ್ಲದು, ಹೃದಯದ ಮಾನಿಟರ್ ಹಾಕಿಕೊಂಡು ಮಾಡಬೇಕು. ನಮ್ಮ ಬಣ್ಣಕ್ಕೆ ಅದು ಬೇಡವೇ ಬೇಡ.

ಹಾಗಾಗಿ ಮೇಲ್ಪದರಕ್ಕಷ್ಟೇ ತಾಗುವ ಮೆಲುಪೀಲು, ಎರಡರಿಂದ ನಾಲ್ಕು ವಾರಕ್ಕೊಂದು, ನಾಲ್ಕಾರು ಸಲ. ಅದಕ್ಕೂ ಮುಂಚೆ ಎರಡು ವಾರವಾದರೂ ಸನ್‌ಸ್ಕ್ರೀನ್, ರಾತ್ರಿಗೆ ಬರೆದುಕೊಟ್ಟ ಕ್ರೀಮ್. ಪೀಲ್‌ಗೆ ಕೆಲವು ದಿನ ಮುಂಚೆ ಟ್ರೆಟಿನಾಯಿನ್‌ನಂಥ ರೆಟಿನಾಯ್ಡ್ ಕ್ರೀಮ್ ನಿಲ್ಲಿಸಬೇಕು. ಆ ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಇಲ್ಲ. ಗರ್ಭಿಣಿಯಾಗಿದ್ದರೆ, ಆಸ್ಪಿರಿನ್ ಅಲರ್ಜಿ ಇದ್ದರೆ, ತುಟಿ ಹತ್ತಿರ ಆಗಾಗ ಜ್ವರಗುಳ್ಳೆ ಏಳುತ್ತಿದ್ದರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ.

ಇನ್ನು ಪೀಲ್ ದಿನ. ಕೂದಲಿಗೆ ಟೋಪಿ, ಮುಖದ ಜಿಡ್ಡು ಒರೆಸುವುದು, ಕಣ್ಣಿನ ಮೂಲೆ, ಮೂಗಿನ ಪಕ್ಕದ ಮಡಿಕೆ, ಬಾಯಿಯ ಮೂಲೆಗೆ ವ್ಯಾಸಲೀನ್. ಆಸಿಡ್ ಬೊಟ್ಟು ಬೊಟ್ಟಾಗಿ ನಿಲ್ಲುವುದು ಅಲ್ಲೇ. ಗ್ಲೈಕೋಲಿಕ್ ಆದರೆ ಬ್ರಷ್‌ನಲ್ಲಿ ಹಣೆಯಿಂದ ಶುರು, ಆಮೇಲೆ ಕೆನ್ನೆ, ಗಲ್ಲ. ಗಡಿಯಾರ ಓಡುತ್ತಿರುತ್ತದೆ, ಆದರೆ ನನ್ನ ಕಣ್ಣು ಗಡಿಯಾರಕ್ಕಿಂತ ಜಾಸ್ತಿ ಮುಖದ ಮೇಲೆ. ಸಮನಾಗಿ ತುಸು ಕೆಂಪಾದರೆ ಸಾಕು. ಒಂದು ಕಡೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತೋ, ತಕ್ಷಣ ಅಲ್ಲಿಗೆ ಅಡುಗೆಸೋಡದ ನೀರು. ಸೋಡ ತಾಗಿದ ಕೂಡಲೇ ಸಣ್ಣಗೆ ನೊರೆ ಬರುತ್ತದೆ, ಆಸಿಡ್ ಸತ್ತಿತು ಅಂತ ಅರ್ಥ. ಸ್ಯಾಲಿಸಿಲಿಕ್ ದಾರಿ ಬೇರೆ. ಒಂದೆರಡು ನಿಮಿಷ ಉರಿದು ತಾನಾಗೇ ನಿಲ್ಲುತ್ತದೆ, ಮುಖದ ಮೇಲೆ ಬಿಳಿ ಪುಡಿ ಕೂರುತ್ತದೆ. ಕನ್ನಡಿ ನೋಡಿ ಚರ್ಮವೇ ಬೆಂದುಹೋಯ್ತು ಅಂತ ಹೆದರುವವರಿದ್ದಾರೆ. ಅದು ಒಣಗಿ ಉಳಿದ ಸ್ಯಾಲಿಸಿಲಿಕ್ ಹರಳು, ನೀರಲ್ಲಿ ಒರೆಸಿದರೆ ಹೋಯಿತು.

"ಈ ಸಲ ಚೆನ್ನಾಗಿ ಉರೀತು, ಕೆಲಸ ಮಾಡಿದೆ ಅಲ್ವಾ?" ಅಂತಲೂ ಕೇಳುತ್ತಾರೆ. ಉರಿಗೂ ಫಲಕ್ಕೂ ನಂಟಿಲ್ಲ. ಹಾಗೆಯೇ ಸಿಪ್ಪೆ ಏಳಲಿಲ್ಲ ಅಂತ ದುಡ್ಡು ದಂಡವಾಯಿತು ಅಂದುಕೊಳ್ಳಬೇಡಿ. ಮೆಲುಪೀಲಿನಲ್ಲಿ ಕಣ್ಣಿಗೆ ಕಾಣದ ಹಾಗೆ ಉದುರುವುದೇ ಹೆಚ್ಚು. ಎದ್ದರೂ ಮೂರನೇ ದಿನದ ಹೊತ್ತಿಗೆ ಬಾಯಿಯ ಸುತ್ತ ಮೊದಲು. ಕೈ ಸುಮ್ನೆ ಇರುವುದಿಲ್ಲ, ಗೊತ್ತು. ಆದರೂ ಕೀಳಬೇಡಿ. ಕಡಲೆಹಿಟ್ಟು, ನಿಂಬೆರಸ ಹತ್ತಿರವೂ ಬೇಡ. ಸನ್‌ಸ್ಕ್ರೀನ್ ಎರಡು ಬೆರಳುದ್ದ ಹಿಂಡಿಕೊಂಡು ಮುಖ, ಕುತ್ತಿಗೆಗೆ ಹಚ್ಚಿ, ಹೊರಗಿದ್ದರೆ ಎರಡು ಮೂರು ಗಂಟೆಗೆ ಮತ್ತೆ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ತುಸು ಕಂದುಬಣ್ಣದ ಸನ್‌ಸ್ಕ್ರೀನ್ ಮೇಲು. ಬಂಗು ಕಪ್ಪಾಗಲು ಬಿಸಿಲಿನ ಅಲ್ಟ್ರಾವಯಲೆಟ್ಟೇ ಬೇಕೆಂದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಸಾಕು. ಗುಳ್ಳೆ ಎದ್ದರೆ, ನೀರು ಒಸರಿದರೆ ಮುಂದಿನ ತಾರೀಕಿಗೆ ಕಾಯದೆ ಅದೇ ದಿನ ಬನ್ನಿ.

ಪೀಲ್‌ಗೆ ಬಗ್ಗದ ತೊಂದರೆಗಳೂ ಇವೆ. ಮೊಡವೆ ಬಿಟ್ಟುಹೋದ ಆಳದ ಗುಳಿ ಮೆಲುಪೀಲಿಗೆ ತುಂಬುವುದಿಲ್ಲ. ಸೂಜಿ ಚುಚ್ಚಿದಂಥ ಕಿರಿದಾದ ಗುಳಿಗಳಿಗೆ ಕಡ್ಡಿಯ ತುದಿಯಲ್ಲಿ ಜೋರು ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಸಿಡ್ ಅದ್ದಿ, ಗುಳಿಯೊಳಗೆ ಮಾತ್ರ ಒತ್ತುವ ಕ್ರಮ ಇದೆ. ಹಲ್ಲು ಚುಚ್ಚುವ ಕಡ್ಡಿಯೇ ಸಾಕು. ಒತ್ತಿದ ಚಣದಲ್ಲಿ ಗುಳಿ ಬೆಳ್ಳಗಾಗುತ್ತದೆ. ಕುತ್ತಿಗೆ ಹಿಂದೆ ವೆಲ್ವೆಟ್ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗದು. ಬಹಳ ಸಲ ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಅನ್ನುವ ಸೂಚನೆ. ಅಂಥವರಿಗೆ ಪೀಲ್‌ಗಿಂತ ಮೊದಲು ಸಕ್ಕರೆ ಪರೀಕ್ಷೆ ಬರೆಯುತ್ತೇನೆ. ಬಂಗು ತಿಳಿಯಾಗುತ್ತದೆ, ಬಿಸಿಲು ಬಿದ್ದರೆ ಮತ್ತೆ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮದುವೆ ಗೊತ್ತಾದವರು ಮೂರು ನಾಲ್ಕು ತಿಂಗಳು ಮುಂಚೆ ಬನ್ನಿ, ಕೊನೆಯ ಪೀಲ್ ಮುಹೂರ್ತಕ್ಕೆ ತಿಂಗಳು ಇರುವಾಗಲೇ ಮುಗಿಯಲಿ. ವಾರ ಉಳಿದಾಗ ತಾಯಿ ಮಗಳು ಓಡಿ ಬಂದರೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬರೆದು ಕಳಿಸುತ್ತೇನೆ. ಸಿಟ್ಟು ಮಾಡಿಕೊಂಡು ಹೋಗುತ್ತಾರೆ. ಅರಿಶಿನ ಶಾಸ್ತ್ರದ ದಿನ ಸಿಪ್ಪೆ ಏಳುವ ಮುಖಕ್ಕಿಂತ ಅದು ವಾಸಿ.